ಮಸಾಯಿ ಮಾರಾದ ಟೆಂಟ್ ಕ್ಯಾಂಪ್: ಬುಕಿಂಗ್‌ನಿಂದ ಕೊನೆಯ ಬೆಳಗಿನವರೆಗೆ

"ಅಲ್ಲಿ ಬಾಗಿಲೇ ಇಲ್ವಂತೆ, ಬರೀ ಜಿಪ್ ಅಂತೆ. ಹೌದೇನೇ?"

ಕೀನ್ಯಾಕ್ಕೆ ಟಿಕೆಟ್ ಬುಕ್ ಆದ ದಿನ ಅಮ್ಮ ಕೇಳಿದ್ದು ಇಷ್ಟೇ. ಅಮ್ಮನಿಗೆ ಆಗ 64 ವರ್ಷ. ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲಿ ಬೆಳೆದವಳು. ಕಾಡು, ಕತ್ತಲೆ ಅವಳಿಗೆ ಹೊಸದಲ್ಲ. ಆದರೆ ಸಿಂಹ ಓಡಾಡುವ ಜಾಗದಲ್ಲಿ ಬಟ್ಟೆಯ ಗೋಡೆಯ ಒಳಗೆ ಮಲಗುವುದು ಅಂದರೆ ಬೇರೆ ಮಾತು. ಮಸಾಯಿ ಮಾರಾದ ಎರಡು ಕ್ಯಾಂಪ್‌ಗಳಲ್ಲಿ ನಾವಿಬ್ಬರೂ ಐದು ರಾತ್ರಿ ಕಳೆದೆವು. ಮೊದಲ ರಾತ್ರಿ ಅಮ್ಮ ಕಣ್ಣು ಮುಚ್ಚಲಿಲ್ಲ. ಎರಡನೇ ರಾತ್ರಿಯಿಂದ ಚೆನ್ನಾಗಿ ನಿದ್ದೆ ಮಾಡಿದಳು. ಕೆಲವು ಸಂಗತಿ ಮೊದಲೇ ಗೊತ್ತಿದ್ದರೆ ಆ ಒಂದು ರಾತ್ರಿಯೂ ಹಾಳಾಗುತ್ತಿರಲಿಲ್ಲ. ನೀವು ಹೊರಟಿದ್ದರೆ ಅವು ನಿಮಗೆ ಗೊತ್ತಿರಲಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಗಲಿನ ಸಫಾರಿ ಎಲ್ಲಿ ಉಳಿದರೂ ಸಿಗುತ್ತದೆ. ಟೆಂಟ್‌ನಲ್ಲಿ ಉಳಿಯುವುದು ರಾತ್ರಿಗಾಗಿ. ಅದಕ್ಕೇ ಬುಕಿಂಗ್ ಮಾಡುವಾಗ ಎಷ್ಟು ಪ್ರಾಣಿ ಕಾಣುತ್ತವೆ ಅನ್ನುವುದರ ಜೊತೆಗೆ, ರಾತ್ರಿ ಹೇಗಿರುತ್ತದೆ ಅಂತಲೂ ಕೇಳಿ.

ಟೆಂಟ್ ಆರಿಸುವುದು

ಟೆಂಟ್ ಕ್ಯಾಂಪ್ ಅಂದ ತಕ್ಷಣ ಎಲ್ಲವೂ ಒಂದೇ ಅಂದುಕೊಳ್ಳಬೇಡಿ. ವರ್ಷವಿಡೀ ನಿಂತಿರುವ ಕ್ಯಾಂಪ್‌ಗಳಿವೆ. ಅಲ್ಲಿ ಮರದ ಅಥವಾ ಕಲ್ಲಿನ ಜಗಲಿ ಕಟ್ಟಿ ಅದರ ಮೇಲೆ ದಪ್ಪ ಕ್ಯಾನ್ವಾಸ್ ಟೆಂಟ್ ಹಾಕಿರುತ್ತಾರೆ. ಒಳಗೆ ನಿಜವಾದ ಮಂಚ, ಹಿಂಬದಿಗೆ ಸೇರಿದಂತೆ ಬಚ್ಚಲು, ಕಮೋಡ್ ಎಲ್ಲ ಇರುತ್ತವೆ. ಇನ್ನು ಕೆಲವನ್ನು ವೈಲ್ಡ್‌ಬೀಸ್ಟ್ ಎಂಬ ದೊಡ್ಡ ಹುಲ್ಲೆಗಳ ಹಿಂಡು ಬರುವ ತಿಂಗಳುಗಳಿಗೆ ಮಾತ್ರ ಹಾಕಿ ಆಮೇಲೆ ಬಿಚ್ಚಿಬಿಡುತ್ತಾರೆ. ನಡಿಗೆಯ ಸಫಾರಿಗೆ ಹೋಗುವವರಿಗೆ ಒಂದೆರಡು ರಾತ್ರಿಯ ಮಟ್ಟಿಗೆ ಪುಟ್ಟ ಟೆಂಟ್ ಹಾಕಿಕೊಡುವುದೂ ಉಂಟು. ಅಲ್ಲಿ ಗುಂಡಿ ಶೌಚಾಲಯವೇ ಗತಿ. ಮಾರಾದ ಒಳಗೆ ಹೋಗುವ ತಾಲೇಕ್, ಸೆಕೆನಾನಿ ಗೇಟ್‌ಗಳ ಹತ್ತಿರ ಕಡಿಮೆ ದರದ ಕ್ಯಾಂಪ್‌ಗಳೂ ಇವೆ. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಮೊದಲ ಬಗೆಯದ್ದನ್ನೇ ಹಿಡಿಯಿರಿ. ಶೌಚಾಲಯ ಟೆಂಟ್‌ನ ಜಿಪ್‌ನ ಒಳಗೇ ಇದೆಯಾ ಅಂತ ಖಚಿತ ಮಾಡಿಕೊಳ್ಳಿ. ರಾತ್ರಿ ಎರಡು ಗಂಟೆಗೆ ಈ ಒಂದು ಪ್ರಶ್ನೆಯ ಬೆಲೆ ಗೊತ್ತಾಗುತ್ತದೆ.

ಟೆಂಟ್‌ಗಿಂತ ದೊಡ್ಡ ವಿಷಯ ಜಾಗ. ಮಸಾಯಿ ಮಾರಾ ರಾಷ್ಟ್ರೀಯ ಮೀಸಲು ಪ್ರದೇಶ ಸುಮಾರು 1,510 ಚದರ ಕಿಲೋಮೀಟರ್ ಇದೆ. ದಕ್ಷಿಣಕ್ಕೆ ಟಾಂಜಾನಿಯಾದ ಸೆರೆಂಗೆಟಿ. ನಡುವೆ ಬೇಲಿ ಇಲ್ಲ. ಮಾರಾ ನದಿಯ ಪಶ್ಚಿಮದ ಭಾಗಕ್ಕೆ ಮಾರಾ ಟ್ರಯಾಂಗಲ್ ಅನ್ನುತ್ತಾರೆ. ಉತ್ತರಕ್ಕೆ, ಪೂರ್ವಕ್ಕೆ ಮೀಸಲು ಪ್ರದೇಶಕ್ಕೆ ತಾಗಿಕೊಂಡು ಕನ್ಸರ್ವೆನ್ಸಿಗಳಿವೆ. ಮಾರಾ ನಾರ್ತ್, ನಬೋಯಿಶೊ, ಓಲಾರೆ ಮೊಟೊರೊಗಿ ಇವೆಲ್ಲ ಆ ಬಗೆಯವು. ಅದು ಅಲ್ಲಿನ ಮಸಾಯಿ ಬುಡಕಟ್ಟಿನ ಕುಟುಂಬಗಳದ್ದೇ ಜಮೀನು. ಅದನ್ನು ಅವರು ವನ್ಯಜೀವಿಗಳಿಗಾಗಿ ಬಾಡಿಗೆಗೆ ಕೊಟ್ಟಿದ್ದಾರೆ. ನೀವು ಕೊಡುವ ಹಣದಲ್ಲಿ ಒಂದು ಪಾಲು ಆ ಬಾಡಿಗೆಗೆ ಹೋಗುತ್ತದೆ. ಟೆಂಟ್‌ಗಳ ಸಂಖ್ಯೆಗೆ ಮಿತಿ ಇದೆ. ಹಾಗಾಗಿ ಒಂದು ಸಿಂಹದ ಸುತ್ತ ಇಪ್ಪತ್ತು ಜೀಪು ನಿಲ್ಲುವುದಿಲ್ಲ. ಮೀಸಲು ಪ್ರದೇಶದಲ್ಲಿ ಸಿಗದ ರಾತ್ರಿ ಸಫಾರಿ, ಕಾಲ್ನಡಿಗೆ ಸಫಾರಿ ಇಲ್ಲಿ ಸಿಗುತ್ತವೆ. ನಾಲ್ಕು ರಾತ್ರಿ ಇದ್ದರೆ ಎರಡು ಕನ್ಸರ್ವೆನ್ಸಿಯಲ್ಲಿ, ಎರಡು ಮೀಸಲು ಪ್ರದೇಶದ ಒಳಗೆ ಉಳಿಯಿರಿ ಅಂತಲೇ ನನ್ನ ಸಲಹೆ. ಮೊದಲು ಕನ್ಸರ್ವೆನ್ಸಿ. ಅಲ್ಲಿನ ಮೌನಕ್ಕೆ ಹೊಂದಿಕೊಂಡರೆ ಮುಂದಿನದು ಸಲೀಸು.

ನಮ್ಮ ಮೊದಲ ಕ್ಯಾಂಪಿನಲ್ಲಿ ಇದೇ ಎಡವಟ್ಟಾಯಿತು. ಟ್ರಾವೆಲ್ ಏಜೆಂಟರು 'ಮಾರಾ ಕ್ಯಾಂಪ್' ಅಂದಿದ್ದರು. ಹೋಗಿ ನೋಡಿದರೆ ಗೇಟ್‌ನಿಂದ ಹೊರಗೆ, ಕಲ್ಲುರಸ್ತೆಯಲ್ಲಿ ನಲವತ್ತು ನಿಮಿಷ ದೂರ. ಬೆಳಗಿನ ಒಳ್ಳೆಯ ಬೆಳಕು ದಾರಿಯಲ್ಲೇ ಕಳೆದುಹೋಯಿತು. ದುಡ್ಡು ಕಟ್ಟುವ ಮೊದಲು ಕ್ಯಾಂಪಿನ ಹೆಸರನ್ನು ಮ್ಯಾಪಿನಲ್ಲಿ ಹಾಕಿ ನೋಡಿ. ಗೇಟಿನ ಒಳಗೋ ಹೊರಗೋ, ನದಿಯ ಯಾವ ದಡದಲ್ಲಿದೆ, ಸುತ್ತ ಬೇಲಿ ಇದೆಯಾ, ಸಫಾರಿ ಗಾಡಿ ನಮಗಷ್ಟೇನಾ ಅಥವಾ ಬೇರೆಯವರ ಜೊತೆಯಾ, ಪಾರ್ಕ್ ಶುಲ್ಕ ಸೇರಿದೆಯಾ ಅಂತ ಇಮೇಲ್‌ನಲ್ಲಿ ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ.

ಯಾವಾಗ, ಎಷ್ಟು

ವೈಲ್ಡ್‌ಬೀಸ್ಟ್ ಹಿಂಡುಗಳು ಸಾಮಾನ್ಯವಾಗಿ ಜುಲೈನಿಂದ ಅಕ್ಟೋಬರ್‌ವರೆಗೆ ಮಾರಾದಲ್ಲಿರುತ್ತವೆ. ಆಗ ಜನವೂ ಜಾಸ್ತಿ, ದರವೂ ಜಾಸ್ತಿ. 2024ರಲ್ಲಿ ಮೀಸಲು ಪ್ರದೇಶದ ಪ್ರವೇಶ ಶುಲ್ಕವನ್ನು ವಿದೇಶಿಯರಿಗೆ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈನಿಂದ ಡಿಸೆಂಬರ್‌ವರೆಗೆ 200 ಡಾಲರ್ ಎಂದು ಮಾಡಿದರು. ಇದು ಒಬ್ಬರಿಗೆ. ಟೆಂಟಿನ ಬಾಡಿಗೆ ಬೇರೆ. ಏಪ್ರಿಲ್, ಮೇ ಜೋರು ಮಳೆಯ ಕಾಲ. ಆಗ ರಸ್ತೆ ಕೆಸರಾಗುತ್ತದೆ, ಹಲವು ಕ್ಯಾಂಪ್‌ಗಳು ಮುಚ್ಚಿರುತ್ತವೆ. ನದಿ ದಾಟುವ ಹಿಂಡನ್ನೇ ನೋಡಬೇಕು ಅನ್ನುವ ಹಠ ಇಲ್ಲದಿದ್ದರೆ ಜನವರಿ, ಫೆಬ್ರವರಿ ಬಹಳ ಚೆನ್ನ. ಸಿಂಹ, ಚೀತಾ, ಕತ್ತೆಕಿರುಬ ವರ್ಷವಿಡೀ ಅಲ್ಲೇ ಇರುತ್ತವೆ.

ಕಾಗದ ಪತ್ರ, ಚುಚ್ಚುಮದ್ದು

2024ರ ಜನವರಿಯಿಂದ ಕೀನ್ಯಾಕ್ಕೆ ವೀಸಾ ಬದಲು ಇಟಿಎ ಎಂಬ ಆನ್‌ಲೈನ್ ಅನುಮತಿ ಬಂದಿದೆ. ಅಲ್ಲಿನ ಸರ್ಕಾರದ ಅಧಿಕೃತ ತಾಣದಲ್ಲೇ ಅರ್ಜಿ ಹಾಕಿ. ಹುಡುಕಿದರೆ ಅದೇ ತರಹ ಕಾಣುವ ಖಾಸಗಿ ತಾಣಗಳು ಜಾಸ್ತಿ ಹಣ ಕೇಳುತ್ತವೆ. ಕ್ಯಾಂಪ್ ಬುಕಿಂಗಿನ ಪತ್ರವನ್ನೂ ಅರ್ಜಿಯ ಜೊತೆ ಕೇಳುತ್ತಾರೆ.

ಹಳದಿ ಜ್ವರದ ಲಸಿಕೆಯ ವಿಷಯದಲ್ಲಿ ಮಾತ್ರ ಸ್ವಲ್ಪವೂ ಉದಾಸೀನ ಬೇಡ. ಕೀನ್ಯಾದಿಂದ ವಾಪಸ್ ಬರುವಾಗ ನಮ್ಮ ದೇಶದಲ್ಲೇ ಆ ಪ್ರಮಾಣಪತ್ರ ಕೇಳುತ್ತಾರೆ. ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಲಸಿಕೆ ಹಾಕಿಸಿ ಹತ್ತು ದಿನ ಆದ ಮೇಲಷ್ಟೇ ಪ್ರಮಾಣಪತ್ರಕ್ಕೆ ಬೆಲೆ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ಸಾಕು. ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ದಿನ ಗೊತ್ತು ಮಾಡಿಕೊಂಡೇ ಹೋಗಬೇಕು. ಹಾಗಾಗಿ ಒಂದೆರಡು ತಿಂಗಳು ಮೊದಲೇ ಶುರು ಮಾಡಿ. ಅರವತ್ತು ದಾಟಿದವರು, ಗರ್ಭಿಣಿಯರು, ಮೊಟ್ಟೆಯ ಅಲರ್ಜಿ ಇರುವವರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಮೊದಲು ತಮ್ಮ ಡಾಕ್ಟರನ್ನು ಕೇಳಬೇಕು. ಅಮ್ಮನ ಹಳೆಯ ಫೈಲ್ ಎಲ್ಲ ನೋಡಿ ಡಾಕ್ಟರ್ ಒಪ್ಪಿದ ಮೇಲೆಯೇ ನಾನು ವಿಮಾನದ ಟಿಕೆಟ್ ಮಾಡಿದ್ದು. ಅದೇ ಭೇಟಿಯಲ್ಲಿ ಮಲೇರಿಯಾ ಮಾತ್ರೆಯ ಬಗ್ಗೆಯೂ ಕೇಳಿಬಿಡಿ.

ಬ್ಯಾಗು

ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣದಿಂದ ಮಾರಾಕ್ಕೆ ಸಣ್ಣ ವಿಮಾನಗಳು ಹಾರುತ್ತವೆ. ಸುಮಾರು ಮುಕ್ಕಾಲು ಗಂಟೆಯ ಹಾರಾಟ. ಅದರಲ್ಲಿ ಕೈಚೀಲವೂ ಸೇರಿ ಒಬ್ಬರಿಗೆ ಸಾಮಾನ್ಯವಾಗಿ 15 ಕೆಜಿ ಮಾತ್ರ. ಗಟ್ಟಿ ಸೂಟ್‌ಕೇಸ್ ಒಯ್ಯುವ ಹಾಗಿಲ್ಲ, ಮೆತ್ತಗಿನ ಬ್ಯಾಗ್ ಬೇಕು. ರಸ್ತೆಯಲ್ಲಿ ಹೋದರೆ ನಾರೊಕ್ ಪಟ್ಟಣದ ಮೇಲೆ ಐದಾರು ಗಂಟೆ. ಬೆನ್ನು ನೋವಿನವರಿಗೆ ಕೊನೆಯ ಭಾಗ ಕಷ್ಟ. ನಾವು ಹೋಗುವಾಗ ರಸ್ತೆ, ಬರುವಾಗ ವಿಮಾನ ಮಾಡಿದೆವು. ರಿಫ್ಟ್ ಕಣಿವೆ ಕೆಳಗೆ ತೆರೆದುಕೊಳ್ಳುವ ನೋಟ ರಸ್ತೆಯಲ್ಲಿ ಹೋದವರಿಗೇ ಸಿಗುವುದು. ಒಂದು ಎಚ್ಚರಿಕೆ: ವಿದೇಶಿ ವಿಮಾನ ಇಳಿಯುವ ನಿಲ್ದಾಣ ಬೇರೆ, ವಿಲ್ಸನ್ ಬೇರೆ. ನೈರೋಬಿಯ ಟ್ರಾಫಿಕ್ ಬೆಂಗಳೂರಿನದೇ ತರಹ. ಬಂದ ದಿನವೇ ಮಾರಾಕ್ಕೆ ಹಾರುವ ಆತುರ ಬೇಡ, ಒಂದು ರಾತ್ರಿ ನೈರೋಬಿಯಲ್ಲಿ ಉಳಿಯಿರಿ.

ಆಫ್ರಿಕಾ ಅಂದರೆ ಬಿಸಿಲು ಅಂದುಕೊಂಡು ಬರೀ ಹತ್ತಿಬಟ್ಟೆ ತುಂಬಬೇಡಿ. ಮಾರಾ ಸಮುದ್ರಮಟ್ಟದಿಂದ 1,500 ಮೀಟರ್‌ಗಿಂತ ಎತ್ತರದಲ್ಲಿದೆ. ಬೆಳಗಿನ ಜಾವ ತೆರೆದ ಗಾಡಿಯಲ್ಲಿ ಹಲ್ಲು ಕಟಕಟ ಅನ್ನುತ್ತದೆ. ಸ್ವೆಟರ್, ಗಾಳಿ ತಡೆಯುವ ಜಾಕೆಟ್, ಕಿವಿ ಮುಚ್ಚುವ ಟೋಪಿ ಬೇಕೇಬೇಕು. ಬಟ್ಟೆಯ ಬಣ್ಣ ಮಣ್ಣಿನದ್ದು, ಒಣಹುಲ್ಲಿನದ್ದು ಇರಲಿ. ಮಿಲಿಟರಿಯ ಚುಕ್ಕೆಚುಕ್ಕೆ ಬಟ್ಟೆ ಮಾತ್ರ ಬೇಡ, ಕೀನ್ಯಾದಲ್ಲಿ ಸಾಮಾನ್ಯ ಜನ ಅದನ್ನು ಹಾಕುವಂತಿಲ್ಲ. ಪ್ಲಾಸ್ಟಿಕ್ ಕವರ್ ಸಹ ಬೇಡ. 2017ರಲ್ಲೇ ಅಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧ ಆಗಿದೆ. 2020ರ ಜೂನ್‌ನಿಂದ ರಕ್ಷಿತ ಪ್ರದೇಶಗಳಿಗೆ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಬಾಟಲಿಯನ್ನೂ ಒಯ್ಯುವಂತಿಲ್ಲ. ಮನೆಯ ಸ್ಟೀಲ್ ಬಾಟಲಿ, ಬಟ್ಟೆಯ ಚೀಲ ಸಾಕು.

ಉಳಿದಂತೆ ಒಂದು ಹೆಡ್‌ಟಾರ್ಚ್, ಪವರ್ ಬ್ಯಾಂಕ್, ಸೊಳ್ಳೆ ಕ್ರೀಮು, ದಿನದ ಮಾತ್ರೆಗಳು. ಪ್ಲಗ್ ಚೌಕ ಪಿನ್ನಿನದ್ದು, ಇಂಗ್ಲೆಂಡಿನಲ್ಲಿ ಇರುವ ತರಹ. ಅದಕ್ಕೆ ಅಡಾಪ್ಟರ್ ಬೇಕು. ಬೈನಾಕ್ಯುಲರ್ ಒಬ್ಬರಿಗೆ ಒಂದು ಇದ್ದರೆ ಒಳ್ಳೆಯದು. ಸಿಂಹ ಕಂಡಾಗ ಕೈ ಬದಲಾಯಿಸುತ್ತಾ ಕೂರಲು ಯಾರಿಗೂ ಮನಸ್ಸಾಗುವುದಿಲ್ಲ.

ಕ್ಯಾಂಪಿಗೆ ಬಂದ ಮೊದಲ ಗಂಟೆ

ಕೈಗೆ ಬಿಸಿ ಟವೆಲ್, ಕುಡಿಯಲು ಜ್ಯೂಸ್ ಕೊಟ್ಟು 'ಕರಿಬು' ಅನ್ನುತ್ತಾರೆ. ಬನ್ನಿ, ಸ್ವಾಗತ ಅಂತ ಅರ್ಥ. ಅಮ್ಮನನ್ನು ಎಲ್ಲರೂ 'ಮಾಮಾ' ಅನ್ನತೊಡಗಿದರು. ಸ್ವಾಹಿಲಿಯಲ್ಲಿ ಮಾಮಾ ಅಂದರೆ ತಾಯಿ. ವಯಸ್ಸಾದ ಹೆಂಗಸರನ್ನು ಹಾಗೆ ಕರೆಯುವುದು ಮರ್ಯಾದೆ. ನೀವೂ 'ಅಸಾಂತೆ ಸಾನಾ' ಅನ್ನಲು ಕಲಿಯಿರಿ, ತುಂಬಾ ಧನ್ಯವಾದ ಅಂತ. ಮಸಾಯಿ ಜನರಿಗೆ ಅವರ ಮಾ ಭಾಷೆಯಲ್ಲಿ 'ಸೋಪಾ' ಅಂದರೆ ಮುಖ ಅರಳುತ್ತದೆ.

ಆಮೇಲೆ ಮ್ಯಾನೇಜರ್ ಕೂರಿಸಿ ನಿಯಮ ಹೇಳುತ್ತಾರೆ. ದಣಿದಿರುತ್ತೀರಿ, ಫೋನ್ ನೋಡಬೇಕು ಅನ್ನಿಸುತ್ತದೆ. ದಯವಿಟ್ಟು ಪೂರ್ತಿ ಕೇಳಿಸಿಕೊಳ್ಳಿ. ಟೆಂಟಿಗೆ ಹೋದ ಕೂಡಲೇ ಮೂರು ಕೆಲಸ ಮಾಡಿ. ಹಗಲು ಬೆಳಕಿನಲ್ಲೇ ಜಿಪ್‌ಗಳನ್ನು ಒಳಗಿನಿಂದ ತೆಗೆದು ಹಾಕಿ ಅಭ್ಯಾಸ ಮಾಡಿ, ಜೊತೆಗಿರುವ ಹಿರಿಯರ ಕೈಯಲ್ಲೂ ಮಾಡಿಸಿ. ಸಹಾಯಕ್ಕೆ ಕರೆಯುವುದು ಹೇಗೆ ಅಂತ ನೋಡಿಕೊಳ್ಳಿ. ಕೆಲವು ಕಡೆ ಸೀಟಿ, ಕೆಲವು ಕಡೆ ವಾಕಿಟಾಕಿ, ಇನ್ನು ಕೆಲವು ಕಡೆ ಟಾರ್ಚ್ ಬೀಸುವುದು. ಮೂರನೆಯದು, ತಿಂಡಿ.

ನಮ್ಮ ಬ್ಯಾಗಿನಲ್ಲಿ ಚಕ್ಕುಲಿ, ಕೋಡುಬಳೆ, ಅವಲಕ್ಕಿ ಇಲ್ಲದೆ ನಾವು ಊರು ಬಿಡುವುದಿಲ್ಲ ಅಲ್ವಾ? ಅದನ್ನು ಟೆಂಟ್‌ನಲ್ಲಿ ಇಡಬೇಡಿ. ಹಣ್ಣು, ಚಾಕಲೇಟ್, ಚೂಯಿಂಗ್ ಗಮ್ ಸಹ ಇಡಬಾರದು. ವಾಸನೆ ಹಿಡಿದು ಕೋತಿ, ಬಬೂನ್‌ಗಳು ಬರುತ್ತವೆ. ಜಿಪ್ ಒಂದು ಬೆರಳು ಬಿಟ್ಟಿದ್ದರೂ ತೆಗೆಯುತ್ತವೆ. ರಾತ್ರಿ ಆನೆಗೂ ಹಣ್ಣಿನ ವಾಸನೆ ಸಿಗುತ್ತದೆ. ಎಲ್ಲವನ್ನೂ ಒಂದು ಡಬ್ಬಿಗೆ ಹಾಕಿ ಅಡುಗೆಮನೆಗೆ ಕೊಟ್ಟುಬಿಡಿ. ಕೇಳಿದಾಗ ತಂದುಕೊಡುತ್ತಾರೆ.

ಸ್ನಾನ, ಕರೆಂಟು

ಹಲವು ಕ್ಯಾಂಪ್‌ಗಳಲ್ಲಿ ಬಕೆಟ್ ಶವರ್ ಇರುತ್ತದೆ. ಸ್ನಾನ ಎಷ್ಟು ಹೊತ್ತಿಗೆ ಬೇಕು ಅಂತ ಮೊದಲೇ ಹೇಳಬೇಕು. ಆ ಹೊತ್ತಿಗೆ ಒಬ್ಬರು ಬಿಸಿನೀರು ಹೊತ್ತು ತಂದು, ಟೆಂಟಿನ ಹಿಂದೆ ತೂಗುಹಾಕಿದ ಬಕೆಟ್‌ಗೆ ಸುರಿದು, ಹೊರಗಿನಿಂದ ಕೂಗಿ ಹೇಳುತ್ತಾರೆ. ಇರುವುದು ಸುಮಾರು 20 ಲೀಟರ್. ಮೈ ಒದ್ದೆ ಮಾಡಿ ನಲ್ಲಿ ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ಬಿಡಿ. ಹಂಡೆ ನೀರಿನ ಅಭ್ಯಾಸ ಇರುವವರಿಗೆ ಇದು ಧಾರಾಳ. ಮೈಯೆಲ್ಲ ಧೂಳಾಗಿರುವುದರಿಂದ ಸಂಜೆ ಸ್ನಾನವೇ ಸರಿ.

ಕರೆಂಟು ಹೆಚ್ಚಾಗಿ ಸೋಲಾರ್‌ನದ್ದು. ಹೇರ್ ಡ್ರೈಯರ್, ಕೆಟಲ್ ನಡೆಯುವುದಿಲ್ಲ. ಕ್ಯಾಮೆರಾ, ಫೋನ್ ಚಾರ್ಜ್ ಮಾಡಲು ಊಟದ ಟೆಂಟಿನಲ್ಲಿ ಜಾಗ ಇರುತ್ತದೆ. ಉಸಿರಾಟದ ಯಂತ್ರ ಹಾಕಿಕೊಂಡು ಮಲಗುವವರಿದ್ದರೆ ರಾತ್ರಿಯಿಡೀ ಕರೆಂಟ್ ಇರುತ್ತದಾ ಅಂತ ಬುಕಿಂಗ್ ಸಮಯದಲ್ಲೇ ಕೇಳಿ.

ಊಟ

ಸಸ್ಯಾಹಾರಿಗಳು ಭಯಪಡಬೇಕಿಲ್ಲ. 1896ರಿಂದ 1901ರವರೆಗೆ ಮೊಂಬಾಸಾದಿಂದ ಒಳನಾಡಿಗೆ ರೈಲು ಹಳಿ ಹಾಕಲು ಮೂವತ್ತು ಸಾವಿರಕ್ಕೂ ಹೆಚ್ಚು ಕೆಲಸಗಾರರನ್ನು ಭಾರತದಿಂದ ಕರೆಸಿದ್ದರು. ಅಂಗಡಿ ಇಡಲು ಗುಜರಾತಿಗಳು ಬಂದರು. ಚಪಾತಿ, ಚಾಯ್ ಅಲ್ಲಿ ಸ್ವಾಹಿಲಿ ಪದಗಳೇ ಆಗಿಬಿಟ್ಟಿವೆ. ಸಮೋಸಕ್ಕೆ ಸಂಬೂಸಾ ಅನ್ನುತ್ತಾರೆ. ಜೈನ್ ಊಟ ಅಂದರೆ ಏನು ಅಂತ ಬಹಳಷ್ಟು ಅಡುಗೆಯವರಿಗೆ ಗೊತ್ತು. ಆದರೆ ವೆಜಿಟೇರಿಯನ್ ಅಂದರೆ ಮೊಟ್ಟೆ ನಡೆಯುತ್ತದೆ ಅಂದುಕೊಳ್ಳುತ್ತಾರೆ, ಸೂಪಿಗೆ ಮಾಂಸದ ಸಾರು ಹಾಕಿರಬಹುದು. 'ಸಿಲಿ ನ್ಯಾಮಾ' ಅಂದರೆ ಮಾಂಸ ತಿನ್ನುವುದಿಲ್ಲ. 'ಸಿಲಿ ಮಾಯಾಯಿ' ಅಂದರೆ ಮೊಟ್ಟೆ ತಿನ್ನುವುದಿಲ್ಲ. ಇದನ್ನು ಮೊದಲ ದಿನವೇ ಅಡುಗೆಯವರಿಗೆ ನೇರವಾಗಿ ಹೇಳಿ.

ಕ್ಯಾಂಪಿನಲ್ಲಿ ಪಾಸ್ತಾ, ಬ್ರೆಡ್ಡು ಇದ್ದೇ ಇರುತ್ತವೆ. ಸಿಬ್ಬಂದಿ ತಿನ್ನುವ ಊಟ ಕೊಡ್ತೀರಾ ಅಂತ ಕೇಳಿ ನೋಡಿ. ಅವರಿಗೆ ಖುಷಿಯಾಗುತ್ತದೆ. ಮೆಕ್ಕೆಜೋಳ ಮತ್ತು ಕಾಳು ಸೇರಿಸಿ ಬೇಯಿಸಿದ ಗಿಥೇರಿ, ಹುರುಳಿಕಾಯಿ ಬೀಜದ ಮಹರಾಗ್ವೆ, ಸೊಪ್ಪಿನ ಪಲ್ಯದ ತರಹದ ಸುಕುಮಾ ವಿಕಿ. ಉಗಾಲಿ ನೋಡಲು ಬಿಳಿ ಮುದ್ದೆ. ಮೆಕ್ಕೆಜೋಳದ ಹಿಟ್ಟಿನದ್ದು. ಮುದ್ದೆಯ ಹಾಗೆ ನುಂಗುವುದಿಲ್ಲ, ಅಗಿದು ತಿನ್ನಬೇಕು. ನಮ್ಮ ಮನೆಯ ಮಾವಿನ ಮಿಡಿ ಉಪ್ಪಿನಕಾಯಿ ಅದಕ್ಕೆ ಎಷ್ಟು ಚೆನ್ನಾಗಿ ಹೊಂದಿತು ಅಂದರೆ, ಉಳಿದ ಬಾಟಲಿಯನ್ನು ಅಮ್ಮ ಅಡುಗೆಯವರಿಗೇ ಕೊಟ್ಟು ಬಂದಳು.

ರಾತ್ರಿ

ಭೂಮಧ್ಯರೇಖೆಯ ಹತ್ತಿರ ಕತ್ತಲೆ ಬೇಗ ಇಳಿಯುತ್ತದೆ. ಆರೂವರೆಗೆ ಸೂರ್ಯ ಮುಳುಗಿದರೆ ಏಳಕ್ಕೆ ಗಾಢ ಕತ್ತಲು. ಆಮೇಲೆ ಒಬ್ಬರೇ ಒಂದು ಹೆಜ್ಜೆಯೂ ಹೊರಗಿಡಬಾರದು. ಊಟಕ್ಕೆ ಹೋಗಲು, ಬರಲು 'ಅಸ್ಕಾರಿ' ಜೊತೆಗಿರಬೇಕು. ಅಸ್ಕಾರಿ ಅಂದರೆ ಕಾವಲುಗಾರ. ಹೆಚ್ಚಾಗಿ ಆ ಊರಿನವರೇ ಆದ ಮಸಾಯಿ ಗಂಡಸರು. ಕೈಯಲ್ಲಿ ಟಾರ್ಚ್, ಈಟಿ. ಅವರು ನಿಂತರೆ ನೀವೂ ನಿಲ್ಲಿ. ಮಾತು ಬೇಡ, ಓಡುವುದಂತೂ ಬೇಡ.

ನದಿ ದಡದ ಕ್ಯಾಂಪ್‌ಗಳಲ್ಲಿ ಹೆಚ್ಚು ಜಾಗ್ರತೆ ಬೇಕಾದದ್ದು ನೀರಾನೆಯ ವಿಷಯದಲ್ಲಿ. ಅದು ಹಗಲೆಲ್ಲ ನೀರಿನಲ್ಲಿದ್ದು ಕತ್ತಲಾದ ಮೇಲೆ ಮೇಯಲು ಬರುತ್ತದೆ. ಒಂದು ರಾತ್ರಿಗೆ 35–40 ಕೆಜಿ ಹುಲ್ಲು ತಿನ್ನುತ್ತದೆ. ಟೆಂಟ್‌ಗಳ ನಡುವಿನ ಹುಲ್ಲು ಅದಕ್ಕೆ ಬಹಳ ಇಷ್ಟ. ನೀರಾನೆಗೂ ನೀರಿಗೂ ನಡುವೆ ಯಾರಾದರೂ ಬಂದರೆ ಅದು ನುಗ್ಗುತ್ತದೆ. ನೀವು ಒಳಗೇ ಇದ್ದರೆ ಅದರ ಪಾಡಿಗೆ ಅದು ಮೇಯುತ್ತದೆ.

ಹಾಗಾದರೆ ಬಟ್ಟೆಯ ಗೋಡೆ ಸಾಕಾ? ಸಾಕು, ಪೂರ್ತಿ ಮುಚ್ಚಿದ್ದರೆ. ಮುಚ್ಚಿದ ಟೆಂಟು ಪ್ರಾಣಿಗೆ ಒಂದು ಬಂಡೆಯ ಹಾಗೆ, ಒಳಗೆ ಏನಿದೆ ಅಂತ ಅದು ನೋಡಲು ಹೋಗುವುದಿಲ್ಲ ಅಂತ ಗೈಡ್‌ಗಳು ಹೇಳುತ್ತಾರೆ. ಮಾರಾ ನದಿಯ ದಡದ ಗವರ್ನರ್ಸ್ ಕ್ಯಾಂಪ್ 1972ರಿಂದ ಇದೆ. ಅಂದರೆ ಇಲ್ಲಿ ಟೆಂಟ್‌ನಲ್ಲಿ ಜನ ಮಲಗುತ್ತಿರುವುದು ನಿನ್ನೆ ಮೊನ್ನೆಯ ಮಾತಲ್ಲ. ಬಾಗಿಲು ಅರ್ಧ ತೆರೆದಿಟ್ಟು ಮಲಗುವುದು, ಸದ್ದು ಕೇಳಿ ಜಿಪ್ ಎಳೆದು ಇಣುಕುವುದು, ಹೊರಗೆ ಟಾರ್ಚ್ ಬಿಡುವುದು, ಫೋಟೋಕ್ಕೆ ಹೊರಗೆ ಬರುವುದು, ಅಪಾಯ ಇರುವುದು ಇವುಗಳಲ್ಲಿ.

ಹಾಸಿಗೆಗೆ ಹೋದಾಗ ಹೊದಿಕೆಯ ಕೆಳಗೆ ಬೆಚ್ಚಗೆ, ಮೆತ್ತಗೆ ಏನೋ ಕಾಲಿಗೆ ತಗಲುತ್ತದೆ. ಅದು ಬಿಸಿನೀರಿನ ರಬ್ಬರ್ ಚೀಲ. ಊಟದ ಹೊತ್ತಿಗೆ ಬಂದು ಇಟ್ಟುಹೋಗಿರುತ್ತಾರೆ. ಜೊತೆಯವರಿಗೆ ಇದನ್ನು ಮೊದಲೇ ಹೇಳಿಡಿ. ಅಮ್ಮನ ಮೊದಲ ರಾತ್ರಿ ಕೆಟ್ಟದ್ದು ಇಲ್ಲಿಂದಲೇ.

ಆಮೇಲೆ ಸದ್ದುಗಳು. ಊಊಪ್ ಅಂತ ಕೆಳಗಿನಿಂದ ಮೇಲಕ್ಕೆ ಏರುವ ಕೂಗು ಕತ್ತೆಕಿರುಬದ್ದು. ಹೋ ಹೋ ಹೋ ಅಂತ ನೀರಿನ ಕಡೆಯಿಂದ ಬರುವ ಗಡಸು ದನಿ ನೀರಾನೆಯದ್ದು. ನಾಯಿ ಬೊಗಳಿದಂತೆ ಕೇಳಿದರೆ ಝೀಬ್ರಾ. ಸಿಂಹ ಗರ್ಜಿಸಿದರೆ ಎದೆಗೂಡಿನಲ್ಲೇ ಕೇಳಿಸುತ್ತದೆ. ಟೆಂಟಿನ ಪಕ್ಕದಲ್ಲೇ ಇದೆ ಅನ್ನಿಸುತ್ತದೆ. ಆದರೆ ಅದರ ದನಿ ಏಳೆಂಟು ಕಿಲೋಮೀಟರ್ ದೂರಕ್ಕೂ ಹೋಗುತ್ತದೆ. ಇದು ನಮಗೆ ಗೊತ್ತಿರಲಿಲ್ಲ. ಮೊದಲ ರಾತ್ರಿ ಅಮ್ಮ ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು. ಬೆಳಿಗ್ಗೆ ಅಸ್ಕಾರಿಯನ್ನು ಕೇಳಿದರೆ, "ಅದು ಗುಡ್ಡದ ಆಚೆ ಇತ್ತು ಮಾಮಾ" ಅಂದರು.

ಎರಡನೇ ರಾತ್ರಿ ಟೆಂಟಿನ ಗೋಡೆಗೆ ತಾಗಿಕೊಂಡೇ ಏನೋ ಪರಕ್ ಪರಕ್ ಅಂತ ಹುಲ್ಲು ಕೀಳತೊಡಗಿತು. ದೊಡ್ಡ ಉಸಿರು. ನಾನು ಅಲುಗಾಡಲಿಲ್ಲ. ಕತ್ತಲಲ್ಲಿ ಅಮ್ಮ ಪಿಸುಗುಟ್ಟಿದಳು: "ಕೊಟ್ಟಿಗೆಯಲ್ಲಿ ಗೌರಿ ಹುಲ್ಲು ತಿಂದಂಗೇ ಇದೆ ಕಣೇ." ಸ್ವಲ್ಪ ಹೊತ್ತಿಗೆ ಅವಳ ಗೊರಕೆ ಕೇಳಿಸಿತು.

ಬೆಳಿಗ್ಗೆ, ಮತ್ತೆ ಹೊರಡುವ ದಿನ

ಐದೂವರೆಗೆ ಹೊರಗಿನಿಂದ 'ಹೋಡಿ' ಅಂತ ದನಿ ಬರುತ್ತದೆ. ಬರಬಹುದಾ ಅಂತ ಕೇಳುವ ಮಾತು. 'ಕರಿಬು' ಅಂದರೆ ಜಗಲಿಯಲ್ಲಿ ಕಾಫಿ, ಬಿಸ್ಕತ್ತು ಇಟ್ಟುಹೋಗುತ್ತಾರೆ. ಬಿಸ್ಕತ್ತನ್ನು ತಕ್ಷಣ ಒಳಗೆ ತೆಗೆದುಕೊಳ್ಳಿ, ಕೋತಿಗಳು ಕಾದಿರುತ್ತವೆ. ಶೂ ಹಾಕುವ ಮೊದಲು ತಲೆಕೆಳಗೆ ಮಾಡಿ ಒದರಿ. ಆರಕ್ಕೆ ಗಾಡಿ ಹೊರಡುತ್ತದೆ.

ಟಿಪ್ಸ್‌ಗೆ ಸಣ್ಣ ಡಾಲರ್ ನೋಟು ಅಥವಾ ಕೀನ್ಯಾ ಶಿಲ್ಲಿಂಗ್ ಇಟ್ಟುಕೊಳ್ಳಿ. ಬಹಳ ಹಳೆಯ, ಹರಿದ ಡಾಲರ್ ನೋಟನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲ. ಗೈಡ್‌ಗೆ ಕೈಗೇ ಕೊಡಿ. ಉಳಿದವರಿಗೆ ಊಟದ ಟೆಂಟಿನಲ್ಲಿ ಒಂದು ಪೆಟ್ಟಿಗೆ ಇರುತ್ತದೆ, ನೀರು ಹೊತ್ತವರು, ಪಾತ್ರೆ ತೊಳೆದವರು ಎಲ್ಲರಿಗೂ ಹಂಚುತ್ತಾರೆ. ರಾತ್ರಿಯೆಲ್ಲ ಎಚ್ಚರವಿದ್ದ ಅಸ್ಕಾರಿಗಳಿಗೂ ಅದರಲ್ಲಿ ಪಾಲು ಇದೆಯಾ ಅಂತ ಕೇಳಿ, ಇಲ್ಲದಿದ್ದರೆ ಬೇರೆಯಾಗಿ ಕೊಡಿ. ಮೀಸಲು ಪ್ರದೇಶದ ಒಳಗೆ ಉಳಿದಿದ್ದರೆ ಕೊನೆಯ ದಿನ ಬೆಳಿಗ್ಗೆ ಹತ್ತರ ಒಳಗೆ ಗೇಟ್ ದಾಟಬೇಕು. ತಡವಾದರೆ ಇನ್ನೊಂದು ದಿನದ ಶುಲ್ಕ. ಹಳದಿ ಜ್ವರದ ಪ್ರಮಾಣಪತ್ರ ಕೈಚೀಲದಲ್ಲೇ ಇರಲಿ.

ಅದಕ್ಕೂ ಮೊದಲು, ಬೆಳಕು ಹರಿದ ಮೇಲೆ, ಟೆಂಟಿನ ಸುತ್ತ ಒಂದು ಸುತ್ತು ಕರೆದುಕೊಂಡು ಹೋಗಿ ಅಂತ ಅಸ್ಕಾರಿಯನ್ನು ಕೇಳಿ. ರಾತ್ರಿ ಯಾರೆಲ್ಲ ಬಂದಿದ್ದರು ಅಂತ ಮಣ್ಣು ನೋಡಿಯೇ ಹೇಳುತ್ತಾರೆ. ನಮ್ಮ ಟೆಂಟಿನ ಗೂಟದಿಂದ ಒಂದು ಮೊಳ ದೂರದಲ್ಲಿ ನಾಲ್ಕು ಬೆರಳು ಮೂಡಿದ, ಅಗಲವಾದ ನೀರಾನೆಯ ಹೆಜ್ಜೆ ಇತ್ತು. ಅಮ್ಮ ಬಗ್ಗಿ, ಅದರ ಪಕ್ಕ ತನ್ನ ಅಂಗೈ ಇಟ್ಟು ಅಳತೆ ನೋಡಿದಳು.